ಕಂಡಕ್ಟರ್ ಇಲ್ಲದೆ ಬಸ್ಸು ಹೊರಡುವುದಿಲ್ಲ

ಮಳೆ ಇಲ್ಲದ ದಿನ ಬಸ್ಸು ಸ್ಟ್ಯಾಂಡಿನಲ್ಲಿ ನಿಂತರೆ ಜನ ತೂಕಡಿಸುತ್ತಾರೆ. ಮಳೆ ಬಿತ್ತೋ, ಬಸ್ಸು ನಿಲ್ಲುವ ಹತ್ತು ನಿಮಿಷದಲ್ಲೇ ಅವರಿಗೆ ಬಾಕಿ ಉಳಿದ ಕೆಲಸವೆಲ್ಲ ನೆನಪಾಗುತ್ತದೆ. ಗೌರಿಬಿದನೂರಿನಿಂದ ಕೈವಾರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ನಾನು. ಮಳೆಗಾಲ ಬಂದರೆ ಇಂಥ ಪ್ರಸಂಗ ತಪ್ಪಿದ್ದಲ್ಲ. ಈ ಮೂರೂ ಏಳೆಂಟು ವರ್ಷದ ಹಿಂದಿನವು.

೧. ಚಿಕ್ಕಬಳ್ಳಾಪುರ: ಹತ್ತು ನಿಮಿಷ

ವಾರಕ್ಕೆರಡು ಸಲ ನಮ್ಮ ಬಸ್ಸಿಗೆ ಬರುತ್ತಿದ್ದ ಅಜ್ಜಿಯೊಬ್ಬರು, ಜೋರು ಮಳೆಯಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಸೀಬೆಹಣ್ಣು ತರಲು ಇಳಿದರು.

"ಇನ್ನೊಂದು ಎಲ್ಲಜ್ಜಿ?"

"ಸೀಟಿನ ಮೇಲೆ ಇಟ್ಟಿದೀನಿ ನಾಯನಾ. ಟವಲು ಹಾಕಿದ್ರೆ ಈ ಮಳೇಲಿ ತಲೆ ಒರೆಸ್ಕೊಂಡು ಅಲ್ಲೇ ಕೂತ್ಬಿಡ್ತಾರೆ. ಚಪ್ಪಲೀನ ಯಾರು ಎತ್ತಿಡ್ತಾರೆ?"

ಉಪಾಯ ಎಲ್ಲರಿಗೂ ಹಿಡಿಸಿತು. ಅಜ್ಜಿ ವಾಪಸ್ ಬರುವಷ್ಟರಲ್ಲಿ ಬಸ್ಸಿನೊಳಗೆ ಒಬ್ಬರೂ ಇಲ್ಲ, ಸೀಟಿಗೊಂದು ಚಪ್ಪಲಿ. ಕೆಳಗೆ ಇಡೀ ಬಸ್ಸು ಕುಂಟುತ್ತಾ ಟೀ ಕುಡಿಯುತ್ತಿತ್ತು.

೨. ಶಿಡ್ಲಘಟ್ಟ: ಹದಿನೈದು ನಿಮಿಷ

ರೇಷ್ಮೆಗೂಡು ಮಾರಿ ನಮ್ಮ ಬಸ್ಸು ಹತ್ತಿದವರೊಬ್ಬರಿಗೆ ಇದ್ದಕ್ಕಿದ್ದಂತೆ ಕಟಿಂಗ್ ನೆನಪಾಯಿತು. "ಬೀಗರ ಮನೆಗೆ ಹಿಂಗೇ ಹೋಗಕ್ಕಾಗುತ್ತಾ?" ಅಂತ ನನ್ನ ಕತ್ತಿನಲ್ಲಿದ್ದ ವಿಶಲ್ ಬಿಚ್ಚಿಕೊಂಡರು. "ಇದು ನನ್ನ ಹತ್ರ ಇರ್ಲಿ. ಆಗ ನೀನೆಲ್ಲಿ ಹೋಗ್ತೀಯ ನೋಡ್ತೀನಿ."

ವಿಶಲ್ ಹಿಂದೆ ನಾನೂ ಸಲೂನಿಗೆ ಹೋದೆ. ಬಲಗಡೆ ಮುಗಿಯಿತು, ಗುಡುಗಿತು, ಕರೆಂಟು ಹೋಯಿತು, ಮಷೀನು ನಿಂತಿತು. ಕತ್ತರಿ ಸಾಣೆಗೆ ಹೋಗಿತ್ತಂತೆ. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ.

ಬಸ್ಸು ಹತ್ತಿ ಅವರು ಕೇಳಿದ್ದು ಒಂದೇ: "ಎಡಗಡೆ ಕಿಟಕಿ ಸೀಟು ಕೊಡಪ್ಪ. ಕಟಿಂಗ್ ಆಗಿರೋ ಕಡೆ ಬಸ್ಸಲ್ಲಿರೋ ಜನಕ್ಕೆ ಕಾಣ್ಲಿ."

೩. ಚಿಂತಾಮಣಿ: ಅರ್ಧ ಗಂಟೆ

ಆಗ ನನಗೆ ಮೂವತ್ತಮೂರು. ರಜೆ ಸಿಗದೆ ಮೂರು ಸಂಬಂಧ ಕೈತಪ್ಪಿದ್ದವು. ಅಮ್ಮ ರೋಸಿಹೋಗಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ ಒಂದು ಹೆಣ್ಣು ಗೊತ್ತುಮಾಡಿದರು.

"ಬಸ್ಸು ಅರ್ಧ ಗಂಟೆ ನಿಲ್ಲುತ್ತಲ್ಲ, ಬಂದು ನೋಡ್ಕೊಂಡು ಹೋಗು. ನಾನು ಮೊದಲೇ ಹೋಗಿ ಕೂತಿರ್ತೀನಿ. ಇದೂ ತಪ್ಪಿದ್ರೆ ಇನ್ನು ನನ್ನನ್ನ ಕೇಳ್ಬೇಡ ಕಣೋ."

ಅವತ್ತೂ ಮಳೆ. ಕೊಡೆ ಹಿಡಿದು ಹೋಗಿ ಅವರ ಬಾಗಿಲಲ್ಲಿ ತಿರುಗಿ ನೋಡಿದರೆ ನನ್ನ ಹಿಂದೆ ಇಡೀ ಬಸ್ಸು! ಆ ಚಪ್ಪಲಿ ಅಜ್ಜಿಯೇ ಎಲ್ಲರಿಗಿಂತ ಮುಂದೆ.

"ನೀನಿಲ್ದೆ ಬಸ್ಸು ಹೊರಡಲ್ಲ ತಾನೇ? ನಿನ್ನ ಜೊತೇಲೇ ಇದ್ರೆ ನಮಗೆ ಧೈರ್ಯ," ಅಂದರು.

ಹುಡುಗಿಯ ತಂದೆ ಗಾಬರಿಯಾಗಿ, "ಇಷ್ಟೂ ಜನ ಹುಡುಗನ ಕಡೆಯವರಾ?" ಅಂತ ಅಮ್ಮನನ್ನು ಕೇಳಿದರು.

"ಹೂಂ ಮತ್ತೆ. ಅವನ ಹತ್ರಾನೇ ಟಿಕೆಟ್ ತಗೊಂಡಿರೋದು," ಅಂತ ಅಜ್ಜಿ ಒಳಗೆ ಹೋಗಿ ಕೂತರು.

ಐದು ಜನಕ್ಕೆ ಮಾಡಿದ್ದ ಉಪ್ಪಿಟ್ಟು ಎರಡು ನಿಮಿಷದಲ್ಲಿ ಖಾಲಿಯಾಯಿತು. ಹುಡುಗಿ ಕಾಫಿ ತಂದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಅಡುಗೆ ಬರುತ್ತೇನಮ್ಮ?" ಅಂದರು.

"ನೀವೇ ಹೇಳ್ಬೇಕು ಅಜ್ಜಿ. ಉಪ್ಪಿಟ್ಟು ಬೇರೆ ಯಾರಿಗೂ ಸಿಗ್ಲಿಲ್ಲ," ಅಂದಳು ಹುಡುಗಿ.

ನನಗೆ ಆ ಕ್ಷಣವೇ ಅವಳು ಹಿಡಿಸಿಬಿಟ್ಟಳು. ಈ ಸಂಬಂಧ ಮಾತ್ರ ತಪ್ಪಬಾರದು ಅನ್ನಿಸಿತು.

ತಂದೆ ನನ್ನ ಗುಣ ವಿಚಾರಿಸಿದರು. "ಚಿನ್ನದಂಥ ಹುಡುಗ," ಅಂತ ಮೂಲೆಯಿಂದ ಪ್ಯಾಸೆಂಜರ್ ಒಬ್ಬರು ಸಾಕ್ಷಿ ಹೇಳಿದರು. "ಮುಂದೆ ಹೋಗಿ, ಮುಂದೆ ಹೋಗಿ ಅಂತ ತಳ್ಳೋದೊಂದು ಬಿಟ್ರೆ." ತಂದೆ ಮುಖ ಗಂಟಿಕ್ಕಿಕೊಂಡರು.

ಹಾರನ್ ಕೇಳಿಸಿತು. ಹೊರಗೆ ಮಳೆ, ಒಳಗೆ ಬಿಸಿ ಕಾಫಿ, ಒಬ್ಬರೂ ಏಳಲಿಲ್ಲ. ಕೈ ಮುಗಿದೆ, ಗದರಿದೆ. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ನಾಲ್ಕನೆಯದೂ ಹೋಯಿತು ಅಂದುಕೊಂಡೆ.

ಆಗ ಹುಡುಗಿ, ನಾನು ಕಾಫಿ ಕುಡಿಯುವಾಗ ಟೀಪಾಯಿ ಮೇಲೆ ಇಟ್ಟಿದ್ದ ವಿಶಲ್ ಎತ್ತಿಕೊಂಡು ಎರಡು ಸಲ ಊದಿ, "ರೈಟ್!" ಅಂದಳು. ಕೂತವರೆಲ್ಲ ಎದ್ದೆನೋ ಬಿದ್ದೆನೋ ಅಂತ ಬಸ್ಸಿಗೆ ಓಡಿದರು. ಗಂಟು ಮುಖದ ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ವಿಶಲ್‌ಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇದು ನನ್ನ ಹತ್ರ ಇರ್ಲಿ. ಆಗ ನೀವೆಲ್ಲಿ ಹೋಗ್ತೀರ ನೋಡ್ತೀನಿ."

ಮದುವೆಯಾಗಿ ಏಳು ವರ್ಷವಾಯಿತು. ವಿಶಲ್ ಇನ್ನೂ ಅವಳ ಹತ್ತಿರವೇ ಇದೆ. ಒಂದು ಸಲ ಊದಿದರೆ ನಿಲ್ಲುತ್ತೇನೆ, ಎರಡು ಸಲ ಊದಿದರೆ ಹೊರಡುತ್ತೇನೆ.