ಐದನೆಯ ಡಬ್ಬಿ

ಕಳೆದದ್ದನ್ನು ಹುಡುಕುವ ಕಷ್ಟ ಎಲ್ಲರಿಗೂ ಗೊತ್ತು. ತಾನೇ ತಿಂದು ಮುಗಿಸಿದ್ದನ್ನು ಹುಡುಕುವ ಕಷ್ಟ ನನ್ನಂಥ ಪಾಪಿಗೆ ಮಾತ್ರ ಗೊತ್ತು. ಎಪ್ಪತ್ತರ ದಶಕ, ನಾನು ಸಿಂದಗಿಯಲ್ಲಿ ಗಣಿತದ ಮಾಸ್ತರ. ಪುಣೆಯ ತರಬೇತಿಯೊಂದರಲ್ಲಿ ಗಾಜಿನಾಚೆ ಗುಂಯ್‌ಗುಡುವ ಕಂಪ್ಯೂಟರನ್ನು ದೂರದಿಂದ ನೋಡಿ ಬಂದಿದ್ದೆ. ಹೊಸದಾಗಿ ಪ್ರೋಗ್ರಾಂ ಕಲಿಯುವವರಿಗಾಗಿ, ಸಾಲಾಗಿಟ್ಟ ವಸ್ತುಗಳಲ್ಲಿ ಬೇಕಾದದ್ದನ್ನು ಹುಡುಕುವ ಕ್ರಮವನ್ನು ಸರಳವಾಗಿ ಬರೆದುಕೊಡಿ ಎಂದು ಅಲ್ಲಿಯವರು ಹೇಳಿದ್ದರು. ನಾನೋ, ಬೆಳಕಿಂಡಿಯ ಬಿಸಿಲಲ್ಲಿ ತೇಲುವ ಧೂಳಿನ ಕಣಗಳಲ್ಲಿ ಒಂದನ್ನೇ ಹಿಂಬಾಲಿಸುತ್ತ ಮಧ್ಯಾಹ್ನ ಕಳೆಯುವವನು. ಅಡುಗೆಮನೆಯಲ್ಲಿ ಕುಳಿತು ವಾರಗಟ್ಟಲೆ ಬರೆದೆ. ಕಣ್ಣು ಆ ಕಣದ ಹಿಂದೆ ಹೋದಾಗಲೆಲ್ಲ ಕೈ ಅಲ್ಲಿ ಸಾಲಾಗಿಟ್ಟ ಐದು ಡಬ್ಬಿಗಳಲ್ಲಿ ಐದನೆಯದಕ್ಕೆ ಹೋಗಿಬರುತ್ತಿತ್ತು. ಅದರಲ್ಲಿ ಶೇಂಗಾ ಉಂಡಿ ಇದ್ದವು. ನಾಗರ ಪಂಚಮಿಗೆ ತವರಿಗೆ ಹೋಗುವಾಗ ತನ್ನ ಅಣ್ಣನ ಮಕ್ಕಳಿಗೆ ಒಯ್ಯಲೆಂದು ಹೆಂಡತಿ ನೀಲವ್ವ ಕಟ್ಟಿಟ್ಟವು.

ಅವಳನ್ನು ಕರೆದೊಯ್ಯಲು ಅವಳ ಅಣ್ಣ ಕೊಲ್ಹಾರದಿಂದ ಸಂಜೆಯ ಬಸ್ಸಿಗೆ ಬರುವ ದಿನವೇ ನನ್ನ ಬರಹವೂ ಮುಗಿಯಿತು.

"ಖರೇ ಐತೋ ಇಲ್ಲೋ ನೋಡೂಣ್ರಿ. ನೀವು ಓದ್ರಿ, ನಾ ಉಂಡಿ ಹುಡುಕ್ತೇನಿ," ಎಂದಳು ನೀಲವ್ವ.

"ಉಂಡಿ ಯಾಕ? ಬೆಲ್ಲ ಹುಡುಕು."

"ಅಣ್ಣ ಬರೂದ್ರಾಗ ಹೆಂಗೂ ತಗದಿಡಬೇಕಲ್ರಿ."

ಓದಿದೆ. ಮೊದಲನೆಯ ಡಬ್ಬಿ ತೆರೆ, ಇದ್ದರೆ ನಿಲ್ಲು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗು. ತೊಗರಿಬೇಳೆ, ಕುಸುಬಿ, ಗುರೆಳ್ಳು ಪುಡಿ, ಬೆಲ್ಲ. ಅಯ್ಯೋ, ಕ್ರಮ ಎಷ್ಟು ಸರಿಯಾಗಿ ನಡೆಯುತ್ತಿತ್ತು! ಐದನೆಯದರ ತಳದಲ್ಲಿ ಬರೀ ಪುಡಿ.

"ಮುಂದಿನ ಡಬ್ಬಿ ಇಲ್ರಿ. ಈಗೇನ್ ಮಾಡ್ಲಿ? ಓದ್ರಿ."

ಹಾಳೆಯಲ್ಲಿ ಅದೊಂದನ್ನು ನಾನು ಬರೆದೇ ಇರಲಿಲ್ಲ. ಅವಳ ಕಣ್ಣು ತುಂಬಿದ್ದವು. "ತವರಮನಿಗಿ ಬರಿಗೈಲೆ ಹೋಗ್ಲೇನ್ರಿ?"

ಹಾಳೆ ಕೆಳಗಿಟ್ಟೆ. "ತಪ್ಪಾತು ನೀಲಾ. ನಾನ ತಿಂದೇನಿ."

"ಗೊತ್ತೈತ್ರಿ. ನಿಮ್ಮ ಹಾಳಿಗೆಲ್ಲಾ ಶೇಂಗಾದ ಎಣ್ಣಿ ಹತ್ತೈತಿ." ಮೂಗು ಒರೆಸಿಕೊಂಡಳು. "ಬರಕೋರಿ: ಸಿಗಲಿಲ್ಲಂದ್ರ, ಸಿಗಲಿಲ್ಲಂತ ಬಾಯಿಬಿಟ್ಟು ಹೇಳಿ ನಿಂದರಬೇಕು."

ಹಾಗೆಯೇ ಬರೆದೆ. ಪುಣೆಯವರು ಮುಂದೆ ಮೆಚ್ಚಿದ್ದು ಆ ಒಂದು ಸಾಲನ್ನೇ. ಆದರೆ ಆ ದಿನ ನನಗೆ ನಿಲ್ಲುವ ಭಾಗ್ಯ ಇರಲಿಲ್ಲ. ಒಲೆಯ ಮುಂದೆ ಕುಳಿತು ಶೇಂಗಾ ಹುರಿದೆ. ಹೊಗೆಯ ಸುರುಳಿ ನೋಡುತ್ತ ಒಂದು ಹಿಡಿ ಸುಟ್ಟೆ, ಬೈಸಿಕೊಂಡೆ, ಮತ್ತೆ ಹುರಿದೆ. ಅಣ್ಣ ಬಂದಾಗ ಉಂಡಿ ಇನ್ನೂ ಬೆಚ್ಚಗಿದ್ದವು. ನೀಲವ್ವ ಅವನ್ನು ಗಂಟು ಕಟ್ಟಿ, ಹೊರಡುವವರೆಗೂ ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡು ಕುಳಿತಳು. ಗಂಡನನ್ನು ಬಲ್ಲವಳು.