ಗಗನಕೇಸರಿಯ ಕೇಪು ನಿಂತ ಬಗೆ

"ಟೀಚರ್, ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ. ಗಗನಕೇಸರಿಯ ಕೇಪು ತಾನೇ? ಅದರ ಹಾಗೆ ಇರೋದಲ್ಲ, ಅದನ್ನೇ ಮಾಡಿ ಕೊಡ್ತೀನಿ! ಸಿನಿಮಾದವರೇ ಬಂದು, ನಮ್ಮದು ಕಳುವಾಗಿದೆ ಅಂತ ದೂರು ಕೊಡಬೇಕು, ಹಾಗೆ!"

ಟೈಲರ್ ಮಾಸ್ತರು ಹೀಗೆ ಘೋಷಿಸಿದಾಗ ಅಂಗಡಿಯಲ್ಲಿ ಶಾಲೆಯ ನಾಟಕದ ಟೀಚರ್ ಇದ್ದರು, ನಾಟಕದಲ್ಲಿ ಗಗನಕೇಸರಿಯ ಪಾತ್ರವನ್ನೇ ಗಿಟ್ಟಿಸಿಕೊಂಡಿದ್ದ ಮಾಸ್ತರರ ಮಗಳಿದ್ದಳು, ಪ್ಯಾಂಟು ಉದ್ದ ಮಾಡಿಸಲು ಬಂದ ಗಿರಾಕಿಯೊಬ್ಬ ಬಾಯಿ ಬಿಟ್ಟು ಕೇಳುತ್ತಿದ್ದ. ಇಷ್ಟು ಜನರ ಎದುರು ಆಡಿದ ಮಾತನ್ನು ಮತ್ತೆ ನುಂಗಿಕೊಳ್ಳುವಂತಿರಲಿಲ್ಲ. ನುಂಗುವ ಯೋಚನೆಯೂ ಮಾಸ್ತರರಿಗೆ ಇರಲಿಲ್ಲ ಬಿಡಿ. ಗಗನಕೇಸರಿ ಎಂದರೆ ಅವರ ಬಾಲ್ಯದ ಆರಾಧ್ಯದೈವ!

ಗಗನಕೇಸರಿಯ ಸಿನಿಮಾವನ್ನು ಅವರು ನೋಡಿದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ಉರುಳುವ ಸೇತುವೆಯನ್ನು ಹೆಗಲು ಕೊಟ್ಟು ನಿಲ್ಲಿಸುವ ವೀರ, ಬೆನ್ನ ಹಿಂದೆ ಪಟಪಟ ಹಾರುವ ಹಸಿರು ಕೇಪು! ಉಳಿದ ಹುಡುಗರೆಲ್ಲ "ಅವನು ಹೇಗೆ ಹಾರ್ತಾನೆ?" ಎಂದು ತಲೆ ಕೆಡಿಸಿಕೊಂಡರೆ ನಮ್ಮ ಮಾಸ್ತರರಿಗೆ ಹತ್ತಿಕೊಂಡ ಪ್ರಶ್ನೆಯೇ ಬೇರೆ. ಕೊರಳಲ್ಲಿ ಗಂಟಿಲ್ಲ, ದಾರವಿಲ್ಲ, ಗುಂಡಿಯಿಲ್ಲ. ಕೇಪು ಬೆನ್ನ ಮೇಲೆ ನಿಲ್ಲುವುದು ಹೇಗೆ? ಮನೆಗೆ ಬಂದು ಹಾಸಿಗೆಯ ಚಾದರವನ್ನು ಕತ್ತಿಗೆ ಬಿಗಿದು ಮಂಚದಿಂದ ಹಾರಿದರು. ಚಾದರದ ತುದಿ ಕಿಟಕಿಯ ಚಿಲಕಕ್ಕೆ ಸಿಕ್ಕಿತು. ಅವರ ತಾಯಿ ಓಡಿ ಬರದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ತಾವು ದರ್ಜಿಯಾದದ್ದು ಆ ಪ್ರಶ್ನೆಯ ಬೆನ್ನು ಹತ್ತಿ ಎಂದು ಮಾಸ್ತರರು ಹೇಳುತ್ತಾರೆ. ಗಣಿತ ತಲೆಗೆ ಹತ್ತದೆ ಎಂದು ಅವರ ಹೆಂಡತಿ ಹೇಳುತ್ತಾಳೆ. ಆಕೆ ಆಸ್ಪತ್ರೆಯಲ್ಲಿ ನರ್ಸು. ನೋವಾಗುವ ಕಡೆಯೇ ಚುಚ್ಚುವ ಅಭ್ಯಾಸ.

ನಾಟಕಕ್ಕೆ ಇನ್ನೊಂದೇ ದಿನ ಉಳಿಯಿತು. ಕೇಪೇನೋ ಸಿದ್ಧವಾಗಿತ್ತು. ಭಾರವಾದ ಹಸಿರು ಮಖಮಲ್ಲು, ಅಂಚಿಗೆ ಒಳಹೊಲಿಗೆ, ನೋಡಿದವರ ಕಣ್ಣು ಬೀಳಬೇಕು! ಆದರೆ ಮಗಳ ಮೈಮೇಲೆ ನಿಲ್ಲಬೇಕಲ್ಲ? ದಾರ ಕಟ್ಟಿದರೆ "ಅಪ್ಪಾ, ಉಸಿರು!" ಎನ್ನುತ್ತಾಳೆ. ಹುಕ್ಕು ಹಾಕಿದರೆ ಅಂಗಿಯ ಕಾಲರು ಹಿಂದಕ್ಕೆಳೆದು ಗಲ್ಲಕ್ಕೆ ಬಂದು ಕೂರುತ್ತದೆ. ಗುಂಡಿ ಇಟ್ಟರೆ ಗಗನಕೇಸರಿ ಹೋಗಿ ಮಳೆಕೋಟು ಹಾಕಿಕೊಂಡ ಮಗುವಾಗುತ್ತದೆ.

"ನಾಳೆ ಇದು ಸ್ಟೇಜ್ ಮೇಲೆ ಬಿದ್ದುಹೋದ್ರೆ ನಾನು ಮತ್ತೆ ಸ್ಕೂಲಿಗೇ ಹೋಗಲ್ಲ," ಎಂದಳು ಮಗಳು. ಕಣ್ಣಲ್ಲಿ ನೀರು ತುಂಬಿತ್ತು.

"ಬೀಳೋದಾ? ನನ್ನ ಕೈಯಲ್ಲಿ ಹೊಲಿದದ್ದಾ? ಮೂಲ ಗ್ರಂಥವನ್ನೇ ತೆಗೆದು ನೋಡೋಣ!"

ಮೂಲ ಗ್ರಂಥ ಎಂದರೆ ಸಿನಿಮಾ. ಫೋನಿನಲ್ಲಿ ಎಷ್ಟು ತಡಕಿದರೂ ಸಿಗಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ವಿಡಿಯೋ ಕ್ಯಾಸೆಟ್ಟು ಸಿಕ್ಕಿತು. ಅದನ್ನು ಹಾಕುವ ಪ್ಲೇಯರ್ ಇಡೀ ಬೀದಿಯಲ್ಲಿ ಇದ್ದದ್ದು ಒಬ್ಬರ ಹತ್ತಿರ, ಮಹಡಿಯ ಮೇಲಿದ್ದ ಅತ್ತೆಯ, ಅಂದರೆ ಹೆಂಡತಿಯ ತಾಯಿಯ ಹತ್ತಿರ. ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದ ಅತ್ತೆ ವರ್ಷಕ್ಕೊಮ್ಮೆ ಮಗಳ ಮದುವೆಯ ಕ್ಯಾಸೆಟ್ಟು ಹಾಕಿ, "ಆವಾಗ ಅಳಿಯಂದಿರು ಎಷ್ಟು ಕಡಿಮೆ ಮಾತಾಡ್ತಿದ್ರು!" ಎಂದು ನಿಟ್ಟುಸಿರು ಬಿಡುತ್ತಿದ್ದರು.

"ಜೋಪಾನ, ಅಳಿಯಂದಿರೇ," ಎಂದು ಪ್ಲೇಯರ್ ಕೊಟ್ಟರು. "ನನ್ನ ವಯಸ್ಸಿಗೆ ಬೆಲೆ ಕೊಡದಿದ್ರೂ ಪರವಾಗಿಲ್ಲ, ಇದರ ವಯಸ್ಸಿಗೆ ಕೊಡಿ." ಏತಕ್ಕೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಅವರು ಮಧ್ಯಾಹ್ನದ ನಿದ್ದೆಗೆ ಹೋದರು.

ಕೆಳಗೆ ಸಿನಿಮಾ ಶುರುವಾಯಿತು. ಪರದೆಯ ಮೇಲೆ ಗಗನಕೇಸರಿ ಕಾಣಿಸಿಕೊಂಡ. ಮಾಸ್ತರರು ಮುಂದಕ್ಕೆ ಬಾಗಿದರು, ಇನ್ನೂ ಬಾಗಿದರು, ಆಮೇಲೆ ಮುಖ ಹುಳ್ಳಗಾಯಿತು.

"ಅಯ್ಯಯ್ಯೋ! ಯಾರೇ ಇವನಿಗೆ ಹೊಲಿದದ್ದು? ಮೊಣಕಾಲಲ್ಲಿ ಜೋಲು ನೋಡು! ಎಡಗೈ ತೋಳು ಗಿಡ್ಡ!"

"ಲೋಕ ಉಳಿಸೋ ಗಡಿಬಿಡೀಲಿ ಟ್ರಯಲ್ ನೋಡಿರಲ್ಲ, ಪಾಪ," ಎಂದಳು ಹೆಂಡತಿ.

ಅಷ್ಟರಲ್ಲಿ ಖಳನಾಯಕ ಬಂದ. ಮಾಸ್ತರರು ಎದ್ದೇ ನಿಂತರು. "ಆಹಾ! ಭುಜ ನೋಡೇ, ಭುಜ! ಒಂದು ಸುಕ್ಕಿಲ್ಲ! ಚಿಕ್ಕವನಿದ್ದಾಗ ಇವನನ್ನು ಕಂಡರೆ ಹೆದರಿ ಕುರ್ಚಿ ಕೆಳಗೆ ನುಸುಳಿದ್ದೆ. ಎಂಥ ಕೋಟು!"

"ಅಪ್ಪಾ, ನೀವು ಯಾರ ಕಡೆ?" ಎಂದು ಮಗಳು ಗದರಿದಳು.

ಕೊನೆಗೂ ಬಂತು ಗಡಿಯಾರದ ಗೋಪುರದ ದೃಶ್ಯ. ಗಗನಕೇಸರಿ ಅಂಚಿನಲ್ಲಿ ನಿಂತು, ಇನ್ನೇನು ಹಾರಬೇಕು, ಮೆಲ್ಲಗೆ ಬೆನ್ನು ತಿರುಗಿಸುತ್ತಾನೆ. ಭುಜ ಹತ್ತಿರದಿಂದ ಕಾಣುವುದು ಇಡೀ ಸಿನಿಮಾದಲ್ಲಿ ಅಲ್ಲೊಂದೇ ಕಡೆ! ಮಾಸ್ತರರು ನಿಲ್ಲಿಸಿದರು. ಚಿತ್ರ ಗಡಗಡ ನಡುಗಿತು. ಹಿಂದಕ್ಕೆ ಓಡಿಸಿದರು, ನಿಲ್ಲಿಸಿದರು. ಮತ್ತೆ ಹಿಂದಕ್ಕೆ, ಮತ್ತೆ ನಿಲ್ಲಿಸಿದರು. ಭುಜದ ಮೇಲೆ ಏನೋ ಮಿನುಗಿದಂತಾಯಿತು. ಏನದು? ಹುಕ್ಕೇ? ಕಸೂತಿಯೇ? ಮೂಗು ಪರದೆಗೆ ತಾಗುತ್ತಿತ್ತು.

"ರೀ, ಹಾಗೆ ಎಳೆದಾಡಿದ್ರೆ ಟೇಪು ಸಿಕ್ಕಿಹಾಕ್ಕೊಳ್ಳುತ್ತೆ."

"ಒಂದೇ ಒಂದು ಸಲ!"

ಪ್ಲೇಯರ್ ಗೊರ್ ಎಂದಿತು, ಕಟಕಟ ಎಂದಿತು, ಸುಮ್ಮನಾಯಿತು. ಕ್ಯಾಸೆಟ್ಟು ಎಳೆದರೆ ಅದರ ಜೊತೆ ಕರಿಯ ಟೇಪು ಮೊಳಗಟ್ಟಲೆ ಹೊರಬಂತು, ಮುದುಡಿ, ನೆರಿಗೆ ನೆರಿಗೆಯಾಗಿ. ಮಾಸ್ತರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಕನ್ನಡಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು.

"ಗಗನಕೇಸರಿ ಕಾಣ್ತಾನಾ ಅಪ್ಪಾ?"

"ಕತ್ತಲೆ ಕಾಣುತ್ತಮ್ಮ. ಬರೀ ಕತ್ತಲೆ."

ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಕೈಬಿಡುತ್ತಿದ್ದರು. ಆದರೆ ಸುಕ್ಕಾದದ್ದು ಕಣ್ಣಿಗೆ ಬಿದ್ದರೆ ದರ್ಜಿಯ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಹೇಳಿ? ಇಸ್ತ್ರಿಪೆಟ್ಟಿಗೆಗೆ! ಮಾಸ್ತರರು ಟೇಪನ್ನು ಮೇಜಿನ ಮೇಲೆ ನೇರವಾಗಿ ಹಾಸಿದರು, ಮೇಲೆ ತೇವದ ಬಟ್ಟೆ ಹೊದಿಸಿದರು, ರೇಷ್ಮೆಗಿಡುವಷ್ಟೇ ಹದವಾದ ಬಿಸಿ ಇಟ್ಟು ಭಕ್ತಿಯಿಂದ ಒಂದು ಸಲ ಎಳೆದರು. ಚುಂಯ್! ಬಟ್ಟೆ ಎತ್ತಿದರೆ ಗೋಪುರದ ದೃಶ್ಯ ಮೇಜಿಗೆ ಅಂಟಿಕೊಂಡಿತ್ತು, ಸುಟ್ಟ ವಾಸನೆ ಮನೆಯೆಲ್ಲ ಹರಡಿತ್ತು.

ಹೆಂಡತಿ ಬಂದು, ಬಾಗಿ, ಆಸ್ಪತ್ರೆಯ ಗಾಂಭೀರ್ಯದಿಂದ ನೋಡಿ ಹೇಳಿದಳು: "ಜೀವ ಇಲ್ಲ."

"ಇದೆ! ಸುಟ್ಟದ್ದನ್ನ ಕತ್ತರಿಸಿ ಜೋಡಿಸಿದ್ರೆ ಮುಂದಿನ ದೃಶ್ಯದಲ್ಲಾದ್ರೂ ಭುಜ ಕಂಡೀತು!" ಎಂದ ಮಾಸ್ತರರು ಕತ್ತರಿ ಆಡಿಸಿ, ತೀರಾ ಸಣ್ಣ ಸೂಜಿಗೆ ಕರಿ ದಾರ ಪೋಣಿಸಿ, ಎರಡು ತುದಿಗಳನ್ನೂ ಹೊಲಿದೇಬಿಟ್ಟರು. ಹೊಲಿಗೆ ನೀವು ನೋಡಬೇಕಿತ್ತು, ಹುಡುಕಿದರೂ ಸಿಗುತ್ತಿರಲಿಲ್ಲ!

ಕ್ಯಾಸೆಟ್ಟು ಮತ್ತೆ ಒಳಗೆ ಹೋಯಿತು. ಗಗನಕೇಸರಿ ಗೋಪುರದ ಮೆಟ್ಟಿಲು ಹತ್ತಿದ. ಅಂಚಿಗೆ ಬಂದ. ಪರದೆ ಒಮ್ಮೆ ಮಿಂಚಿತು. ಮರುಕ್ಷಣ ಅವನು ಕೆಳಗೆ ಬೀದಿಯಲ್ಲಿ ನಿಂತು ಜನರ ಕೈಕುಲುಕುತ್ತಿದ್ದ.

"ಇವನು ಹಾರಲೇ ಇಲ್ಲವಲ್ಲ!" ಮಗಳು ಅಳುಮೋರೆ ಮಾಡಿದಳು. "ಮೆಟ್ಟಿಲು ಇಳಿದು ಬಂದನಾ?"

ಅಷ್ಟರಲ್ಲಿ ಹೊಲಿಗೆಯ ದಾರ ಪ್ಲೇಯರಿನ ಹೊಟ್ಟೆಯೊಳಗೆ ಯಾವುದಕ್ಕೋ ಸುತ್ತಿಕೊಂಡಿತು. ಒಳಗಿನಿಂದ ಕೀರಲು ದನಿ ಬಂತು, ಹೊಗೆ ಬಂತು, ಹಿಂದೆಯೇ ಮೆಟ್ಟಿಲಿಳಿದು ಅತ್ತೆ ಬಂದರು!

ಅತ್ತೆ ಪ್ಲೇಯರ್ ನೋಡಿದರು, ಅದರ ಬಾಯಿಂದ ಜೋತುಬಿದ್ದ ಕರಿ ದಾರ ನೋಡಿದರು, ಸೂಜಿ ಹಿಡಿದು ನಿಂತ ಅಳಿಯನನ್ನು ನೋಡಿದರು.

"ಏನಿದು? ನನ್ನ ಪ್ಲೇಯರ್‌ಗೆ ಅಂಗಿ ಹೊಲೀತಿದ್ದೀರಾ?"

ಮಾಸ್ತರರು ತಲೆ ತಗ್ಗಿಸಿ ಆದದ್ದನ್ನೆಲ್ಲ ಹೇಳಿದರು. ಹೊಸದು ತಂದುಕೊಡುವುದಾಗಿ ಹೇಳಿದರು. ಇಷ್ಟಾದರೂ ಕೇಪು ನಿಲ್ಲುವ ಗುಟ್ಟು ಗೊತ್ತಾಗದೇ ಹೋಯಿತಲ್ಲ ಎಂದು ಹಲುಬಿದರು. ಎಳೆತನದಿಂದ ಸಾಕಿಕೊಂಡು ಬಂದ ಕುತೂಹಲ ಅದು, ಮೇಲಾಗಿ ಮಗಳ ಮಾನದ ಪ್ರಶ್ನೆ.

ಅತ್ತೆ ಕುರ್ಚಿ ಎಳೆದು ಕೂತರು. ಅವರ ಸಿಟ್ಟು ಎಲ್ಲಿಗೋ ಹೋಗಿ ನಗು ಬರುತ್ತಿತ್ತು.

"ಅಷ್ಟಕ್ಕಾ ಈ ರಾದ್ಧಾಂತ? ಗೋಪುರದ ಹತ್ರ ಬೆನ್ನು ತಿರುಗಿಸ್ತಾನಲ್ಲ, ಆವಾಗ ಎರಡು ಭುಜದ ಮೇಲೂ ಪಿನ್ನು ಹೊಳೆಯುತ್ತೆ. ನಾನೂ ನಿಮ್ಮ ಮಾವನೂ ಥಿಯೇಟರ್‌ನಲ್ಲಿ ಎಷ್ಟು ನಕ್ಕಿದ್ವಿ ಅಂದ್ರೆ, ಹಿಂದಿನ ಸೀಟಿನವರು ಬೈದರು."

"ಪಿನ್ನು?"

"ಸೇಫ್ಟಿ ಪಿನ್ನು."

ಮಾಸ್ತರರು ಮೆಲ್ಲಗೆ ಕೂತುಕೊಂಡರು. "ನಂಬೋಕಾಗಲ್ಲ ಅತ್ತೆ. ಒಂದು ಸಲ ಕಣ್ಣಾರೆ ನೋಡಿದ್ರೆ..."

"ನೋಡಿ ಬೇಕಾದ್ರೆ," ಎಂದು ಹೆಂಡತಿ ಇಸ್ತ್ರಿ ಮೇಜು ತೋರಿಸಿದಳು. "ಅಲ್ಲೇ ಅಂಟಿಕೊಂಡಿದೆ."

ಅತ್ತೆ ಮೊಮ್ಮಗಳನ್ನು ಹತ್ತಿರ ಕರೆದು ಕೇಪು ಹೊದಿಸಿದರು. ತಮ್ಮ ಸ್ವೆಟರಿನಿಂದ ಒಂದು ಪಿನ್ನು, ಡ್ಯೂಟಿಗೆ ಹೊರಡಲು ಸಿದ್ಧಳಾಗಿದ್ದ ಮಗಳ ನರ್ಸ್ ಉಡುಪಿನಿಂದ ಇನ್ನೊಂದು ತೆಗೆದು ಭುಜಕ್ಕೊಂದರಂತೆ ಚುಚ್ಚಿದರು. "ಬರೀ ಅಂಗಿಗೆ ಚುಚ್ಚಿದ್ರೆ ಎಳೆಯುತ್ತೆ. ಒಳಗಿನ ಬನಿಯನ್ ಪಟ್ಟಿಗೂ ಸೇರಿಸಿ ಚುಚ್ಚಬೇಕು. ಹೂಂ, ಈಗ ಕುಣಿ." ಹುಡುಗಿ ಕುಣಿದಳು, ಸೋಫಾದಿಂದ ಹಾರಿದಳು, ಗಿರಗಿರ ತಿರುಗಿದಳು. ಕೇಪು ಜಗ್ಗಲಿಲ್ಲ! ಮಾಸ್ತರರು ಅವಳ ಬೆನ್ನ ಹಿಂದೆಯೇ ಓಡುತ್ತ, ಬಗ್ಗಿ ಬಗ್ಗಿ ಪಿನ್ನು ನೋಡಿದರು.

ಮರುದಿನ ನಾಟಕದಲ್ಲಿ ಗಗನಕೇಸರಿ ಎತ್ತರದ ಪೆಟ್ಟಿಗೆಯಿಂದ ಜಿಗಿದಾಗ ಹಸಿರು ಮಖಮಲ್ಲು ಹರಡಿಕೊಂಡ ಪರಿಗೆ ಸಭೆಯೆಲ್ಲ ಚಪ್ಪಾಳೆ. ಮಾಸ್ತರರ ಕಣ್ಣು ಒದ್ದೆಯಾಯಿತು. ಮುಗಿದ ಮೇಲೆ ನಾಟಕದ ಟೀಚರ್ ಓಡಿ ಬಂದರು, ಜೊತೆಗೆ ಹತ್ತಾರು ತಾಯಂದಿರು.

"ಮಾಸ್ತರೇ, ಥೇಟ್ ಸಿನಿಮಾದ್ದೇ! ಗಂಟಿಲ್ಲ, ದಾರ ಇಲ್ಲ, ಹೇಗೆ ನಿಲ್ಲಿಸಿದ್ರಿ? ನಮಗೂ ಹೇಳಿಕೊಡಿ!"

ಮಾಸ್ತರರು ಗಂಟಲು ಸರಿಮಾಡಿಕೊಂಡರು, ಎದೆ ಉಬ್ಬಿಸಿದರು. "ನೋಡಿ, ಇದರ ಹಿಂದೆ ಬಹಳ ದೊಡ್ಡ ಅಧ್ಯಯನ ಇದೆ..."

ಗಗನಕೇಸರಿ ಅಪ್ಪನ ಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಟೀಚರ್, ಅಜ್ಜಿಯನ್ನ ಕೇಳಿ. ಅಪ್ಪ ಇನ್ನೂ ಕಲೀತಾ ಇದ್ದಾರೆ."