ತಂಗಡಿಗೊಂದು ಚೊಂಬು ನೀರು

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಬೇಕೇ ಎಂದು ಆಮೇಲೆ ಕೇಳುತ್ತಾರೆ. ಮನುಷ್ಯರ ಮಟ್ಟಿಗೆ ಇದು ಒಳ್ಳೆಯ ಪದ್ಧತಿ. ಗಿಡಗಳ ಮಟ್ಟಿಗೆ ಹಾಗೆ ಹೇಳಲಾರೆ. ಒಂದು ಸಾವನ್ನು ಕಣ್ಣಾರೆ ಕಂಡಿದ್ದೇನೆ.

ಜೀವನ್ ಬಿಮಾ ನಗರದ ನಮ್ಮ ಮನೆಯ ಮುಂದೆ ಚಾಪೆಯಷ್ಟು ಮಣ್ಣಿದೆ. ಅದಕ್ಕೆ ಸಿಮೆಂಟ್ ಹಾಕಿಸಿ ಸ್ಕೂಟರ್ ನಿಲ್ಲಿಸಬೇಕೆಂಬುದು ನನ್ನ ಹೆಂಡತಿ ಸರೋಜಳ ಆಸೆ. ನಾನು ಅಲ್ಲಿ ತಂಗಡಿ ಬಿತ್ತಿದೆ. ಗರುಡಾಚಾರ್‌ಪಾಳ್ಯದ ಕಾರ್ಖಾನೆಗಳ ಬೇಲಿ ಪಕ್ಕದಲ್ಲಿ, ಹೇಳುವವರು ಕೇಳುವವರು ಇಲ್ಲದೆಯೇ ಹಳದಿ ಹೂ ತುಂಬಿಕೊಂಡು ನಿಲ್ಲುವ ಗಿಡ ಅದು. ದಿನ ಬಿಟ್ಟು ದಿನ ನಲ್ಲಿ ಬರುವ ಬೀದಿಗೆ ಇಷ್ಟು ಸಂಭಾವಿತ ಗಿಡ ಇನ್ನೊಂದಿಲ್ಲ ಎಂದುಕೊಂಡಿದ್ದೆ. ಆದರೆ ಸರೋಜ ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವವಳಲ್ಲ. ಎರಡು ಹೊತ್ತೂ ಅದು ತಂಗಡಿಯ ಬುಡಕ್ಕೇ ಹೋಯಿತು. ಒಂದು ಬೆಳಗ್ಗೆ ಹಳದಿ ಕಂಡು ಹೂವೆಂದು ಹತ್ತಿರ ಹೋದೆ, ಎಲೆ. ಆಮೇಲೆ ಬುಡ ಕೊಳೆತು ಗಿಡ ಮಲಗಿತು.

"ಬರೋ ವರ್ಷದ ಸಂಕ್ರಾಂತಿವರೆಗೂ ನೋಡ್ತೀನಿ ಕಣ್ರೀ. ಹೂ ಬಿಟ್ರೆ ಮಣ್ಣು ನಿಮ್ದು. ಇಲ್ದಿದ್ರೆ ಸಿಮೆಂಟು" ಎಂದಳು ಸರೋಜ.

ಮತ್ತೆ ಬಿತ್ತಿ, ಎರಡನೆಯ ಗಿಡಕ್ಕೆ ಯಾರೂ ನೀರು ಹಾಕದಂತೆ ಕಾವಲು ಕೂತೆ. ಪಕ್ಕದ ಮನೆಯ ಸೆಲ್ವಮ್ಮ ಕಾಂಪೌಂಡಿನ ಆಚೆಯಿಂದ, "ಏನ್ ಸಾರ್, ಒಂದು ಚೊಂಬು ನೀರಿಗೂ ಇಷ್ಟು ಜಿಪುಣತನಾನಾ?" ಎಂದರು. ನೀರು ಹಾಕದಿರುವುದೇ ಇದರ ಆರೈಕೆ ಎಂದು ವಿವರಿಸಿದೆ.

"ಹೆಂಡ್ತಿಗೂ ಹಿಂಗೇ ಹೇಳ್ತೀರಾ?"

ಸಂಕ್ರಾಂತಿಗೆ ಎರಡು ದಿನವಿರುವಾಗ, ಭೋಗಿಯ ಹಿಂದಿನ ಸಂಜೆ ಗಿಡ ಹೂ ಬಿಟ್ಟಿತು. ಸರೋಜ ಹೊಸ ತಿಪ್ಪಸಂದ್ರದಿಂದ ಕಬ್ಬು, ಅವರೆಕಾಯಿ ಹೊತ್ತುಕೊಂಡು ಕತ್ತಲಾದ ಮೇಲೆ ಬಂದಳು. ಬೆಳಕಿನಲ್ಲೇ ತೋರಿಸೋಣ ಎಂದು ಸುಮ್ಮನಿದ್ದೆ. ಬೆಳಗ್ಗೆ ಕರೆತಂದರೆ ಗಿಡದಲ್ಲಿ ಬರೀ ಎಲೆ.

"ಎಲ್ರೀ ಹೂ?"

ಹೂವೆಲ್ಲ ಸೆಲ್ವಮ್ಮನ ಬಾಗಿಲ ಮೇಲೆ, ಬೇವಿನ ಸೊಪ್ಪಿನ ಜೊತೆ ಕಟ್ಟಿಸಿಕೊಂಡು ನೇತಾಡುತ್ತಿತ್ತು. ಅವರ ಊರ ಕಡೆ ಭೋಗಿಗೆ ಹಾಗೆ ಕಟ್ಟುತ್ತಾರಂತೆ.

"ನಿಮ್ಮನೇದೇ ಸರೋಜಮ್ಮ. ಕೇಳೋಣ ಅಂದ್ರೆ ನೀವು ಎದ್ದಿರ್ಲಿಲ್ಲ. ಹಲಸೂರು ಮಾರ್ಕೆಟ್ಟಲ್ಲೂ ಸಿಗ್ಲಿಲ್ಲ ಈ ಹೂ. ಏನ್ ಕೈಗುಣಮ್ಮ ನಿಮ್ದು! ಇನ್ಮೇಲೆ ವರ್ಷಾ ವರ್ಷಾ ಇಲ್ಲೇ ಕಿತ್ಕೊಳ್ತೀನಿ."

"ಅದಕ್ಕೇನಂತೆ, ನಿಮ್ಮದೇ ಗಿಡ ಅನ್ಕೊಳ್ಳಿ" ಎಂದುಬಿಟ್ಟಳು ಸರೋಜ. ಸಿಮೆಂಟಿನ ಮಾತು ಅಲ್ಲಿಗೆ ಮುಗಿಯಿತು. ಕೈಗುಣದ ಹೊಗಳಿಕೆ ಹೊತ್ತು ಒಳಗೆ ಹೋದವಳು ಒಂದು ಚೊಂಬು ನೀರು ತಂದು ಗಿಡದ ಬುಡಕ್ಕೆ ಸುರಿದಳು.

"ಪಾಪ, ಹೆಂಗೆ ಒಣಗಿದೆ ನೋಡಿ. ಇನ್ನೊಂದು ಚೊಂಬು ತನ್ನಿ."

ವರ್ಷವಿಡೀ ಬೀದಿಗೆಲ್ಲ ಉಪದೇಶ ಮಾಡಿದ ನಾನು ಗಿಡವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದೆ. ಆಮೇಲೆ ಚೊಂಬು ಹಿಡಿದುಕೊಂಡು ನಲ್ಲಿಯ ಕಡೆ ನಡೆದೆ. ಅವತ್ತು ನೀರು ಧಾರಾಳವಾಗಿ ಬರುತ್ತಿತ್ತು.